ಕತ್ತಿಯನ್ನು ಹಿರಿದವನಿಗೆ ಕೇಳಿಸಿದ ಕೂಗು

(ಅಪೊಸ್ತಲರ ಕೃತ್ಯಗಳು 16ನೆಯ ಅಧ್ಯಾಯ, 25ರಿಂದ 34ನೆಯ ವರೆಗಿನ ವಚನಗಳನ್ನು ಮನೆಯವರೆಲ್ಲರೂ ಕೂಡಿ ಮೊದಲು ಓದಿರಿ.)



ಮಕೆದೋನ್ಯ ಸೀಮೆಯ ಫಿಲಿಪ್ಪಿ ಪಟ್ಟಣದ ಸೆರೆಮನೆಯ ಸಂಗತಿಯನ್ನು ನೀವು ಅನೇಕಾವರ್ತಿ ಕೇಳಿದ್ದೀರಿ. ಪೌಲ ಸೀಲರು ಏಟುಗಳನ್ನು ತಿಂದು, ಕಾಲಿಗೆ ಕೋಳವನ್ನು ಹಾಕಿಸಿಕೊಂಡು, ಮಧ್ಯರಾತ್ರಿಯಲ್ಲಿ ದೇವರನ್ನು ಹಾಡಿ ಕೊಂಡಾಡಿದ್ದನ್ನೂ, ಭೂಮಿಯು ಅದುರಿ ಬಾಗಿಲುಗಳೆಲ್ಲಾ ತೆರೆದುಹೋದದ್ದನ್ನೂ ಆದಿತ್ಯವಾರ ಶಾಲೆಯ ಚಿಕ್ಕ ಮಕ್ಕಳು ಸಹ ಹೇಳಬಲ್ಲರು. ಸೆರೆಯ ಯಜಮಾನನು ತನ್ನ ಮನೆಯವರೆಲ್ಲರ ಸಂಗಡ ದೀಕ್ಷಾಸ್ನಾನ ಹೊಂದಿದ್ದನ್ನು ಕುರಿತು ನಮ್ಮ ಸಭೆಗಳಲ್ಲಿ ಎಷ್ಟೋ ಬೋಧನೆಗಳಾಗಿವೆ. ಆದರೆ ಭೂಕಂಪಕ್ಕೂ ದೀಕ್ಷಾಸ್ನಾನಕ್ಕೂ ನಡುವೆ ಒಂದು ಗಳಿಗೆ ಉಂಟು. ಆ ಗಳಿಗೆಯಲ್ಲಿ ಆ ಮನುಷ್ಯನು ತನ್ನ ಕತ್ತಿಯನ್ನು ಹಿರಿದು ತನ್ನನ್ನೇ ಕೊಂದುಕೊಳ್ಳುವದಕ್ಕೆ ಸಿದ್ಧನಾಗಿದ್ದನು. ಈ ತಿಂಗಳು ಆ ಒಂದು ಗಳಿಗೆಯ ಕುರಿತಾಗಿಯೇ ಧ್ಯಾನಿಸೋಣ.

ಅವನು ಯಾಕೆ ಹಾಗೆ ಮಾಡಹೋದನು? ಅವನು ಹುಚ್ಚನಲ್ಲ, ದುಷ್ಟನೆಂದೂ ಬರೆದಿಲ್ಲ. ನಿದ್ದೆಯಿಂದ ಎದ್ದು ನೋಡಿದನು; ಬಾಗಿಲುಗಳು ತೆರೆದಿದ್ದವು. ಕಾವಲಿನಲ್ಲಿದ್ದವರು ತಪ್ಪಿಸಿಕೊಂಡರೆ ಕಾವಲುಗಾರನ ತಲೆ ಹೋಗುವದು ಆ ಕಾಲದ ಪದ್ಧತಿ. ಪೇತ್ರನು ಸೆರೆಯಿಂದ ಬಿಡುಗಡೆಯಾದಾಗ ಹೆರೋದನು ಕಾವಲುಗಾರರನ್ನು ಕೊಲ್ಲಿಸಿದ ಸಂಗತಿಯು ಇದೇ ಪುಸ್ತಕದ 12ನೆಯ ಅಧ್ಯಾಯದಲ್ಲಿದೆ. ಆದದರಿಂದ ಅವನಿಗೆ ಕಾಣಿಸಿದ್ದು ಎರಡೇ: ಮುಂದೆ ಅವಮಾನ, ಅದರ ಹಿಂದೆ ಮರಣ. ಅವನು ಕಣ್ಣಿನಿಂದ ನೋಡಿದ್ದು ನಿಜವೇ. ಆದರೆ ಮನಸ್ಸಿನಲ್ಲಿ ಮಾಡಿಕೊಂಡ ತೀರ್ಮಾನವು ಸುಳ್ಳು. ಸೆರೆಯವರಲ್ಲಿ ಒಬ್ಬನೂ ಹೋಗಿರಲಿಲ್ಲ. ಕತ್ತಲೆಯಲ್ಲಿ ಅವನಿಗೆ ಅದು ತಿಳಿಯಲಿಲ್ಲ, ಅಷ್ಟೇ. ಒಬ್ಬನನ್ನು ಕೇಳಿದ್ದರೆ, ಒಂದು ದೀಪವನ್ನು ತರಿಸಿದ್ದರೆ ತಿಳಿಯುತ್ತಿತ್ತು. ಆದರೆ ಮನಸ್ಸು ಕುಸಿದವನಿಗೆ ದೀಪ ಕೇಳಬೇಕೆಂಬ ಬುದ್ಧಿಯೂ ಹೊಳೆಯುವದಿಲ್ಲ.

ಪೌಲನು ಏನು ಮಾಡಿದನು? ಬೆನ್ನಿನ ಮೇಲೆ ಹಸಿಯ ಗಾಯಗಳಿದ್ದಾಗ್ಯೂ, ತನ್ನನ್ನು ಬಂಧಿಸಿದವನು ಇವನೇ ಎಂಬದನ್ನು ಮರೆತು, ಮಹಾ ಶಬ್ದದಿಂದ ಕೂಗಿದನು. ಆ ಕೂಗಿನಲ್ಲಿ ಎರಡೇ ಸಂಗತಿಗಳಿದ್ದವು. ನಿನಗೆ ನೀನು ಕೇಡು ಮಾಡಿಕೊಳ್ಳಬೇಡವೆಂಬದು ಒಂದು. ಯಾರೂ ಹೋಗಿಲ್ಲವೆಂಬ ಸತ್ಯವು ಇನ್ನೊಂದು. ಪಾಪದ ವಿಷಯವಾಗಿ ಆಗ ಬೋಧಿಸಲಿಲ್ಲ. ನರಕವನ್ನು ತೋರಿಸಿ ಹೆದರಿಸಲಿಲ್ಲ. ರಕ್ಷಣೆಯ ಮಾತು ಬಂದದ್ದು ಆಮೇಲೆ, ಅದೂ ಆ ಮನುಷ್ಯನೇ ಕೇಳಿದಾಗ. ಮೊದಲು ಕೈ ನಿಲ್ಲಬೇಕಾಗಿತ್ತು.

ಪ್ರಿಯರೇ, ನಮ್ಮ ದೇಶದಲ್ಲಿ ಹೀಗೆ ಕತ್ತಲೆಯಲ್ಲಿ ನಿಂತಿರುವವರು ಸೆರೆಯ ಯಜಮಾನರಲ್ಲ, ನಮ್ಮ ಮಕ್ಕಳೇ. ಸರಕಾರದ ಲೆಕ್ಕದ ಪ್ರಕಾರ 2022ರಲ್ಲಿ ಭಾರತದಲ್ಲಿ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರು 1,70,924 ಮಂದಿ. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ದಿನವೊಂದಕ್ಕೆ ಮೂವತ್ತೈದಕ್ಕಿಂತ ಹೆಚ್ಚು. ನಮ್ಮ ಹಳ್ಳಿಯ ಶಾಲೆಯ ಒಂದು ತರಗತಿಯಲ್ಲಿ ಇಷ್ಟೇ ಮಂದಿ ಕುಳಿತಿರುವರು. ಈ ಲೆಕ್ಕದಲ್ಲಿ ಕಾಲೇಜಿನವರೂ ಸೇರಿದ್ದಾರೆ, ನಿಜ. ಆದರೂ ಲೆಕ್ಕಕ್ಕೆ ಬಾರದೆ ಮನೆಯವರು ಮುಚ್ಚಿಟ್ಟವುಗಳೂ ಇರುವವೆಂದು ಹಳ್ಳಿಯಲ್ಲಿ ಬಾಳಿದವರೆಲ್ಲರಿಗೂ ಗೊತ್ತು. ಪರೀಕ್ಷೆಯಲ್ಲಿ ತಪ್ಪಿದ್ದೇ ಕಾರಣವೆಂದು ಬರೆಯಲ್ಪಟ್ಟವರು ಎರಡು ಸಾವಿರಕ್ಕೆ ಸ್ವಲ್ಪ ಮೇಲೆ. ಆದದರಿಂದ ಪರೀಕ್ಷೆಯೊಂದನ್ನೇ ದೂರುವದು ಸರಿಯಲ್ಲ. ಮನೆಯ ಜಗಳ, ತಂದೆಯ ಕುಡಿತ, ಸಾಲಗಾರನು ಬಾಗಿಲಿಗೆ ಬಂದು ಕೂಗುವದು, ಹಾಸ್ಟೆಲಿನಲ್ಲಿ ಜಾತಿಯ ಹೆಸರು ಹಿಡಿದು ಹೀಯಾಳಿಸುವದು, ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿ ಬೆದರಿಸುವದು, ಯಾರಿಗೂ ಹೇಳಲಾಗದ ಪ್ರೀತಿ, ಹೆಸರಿಲ್ಲದ ಒಂದು ಮನೋವ್ಯಾಧಿ, ಇವುಗಳಲ್ಲಿ ಎರಡು ಮೂರು ಒಟ್ಟಾಗಿ ಎಳೆಯ ಹೆಗಲಿನ ಮೇಲೆ ಬೀಳುತ್ತವೆ. ಹಿರಿಯರಾದ ನಮಗೆ ಇಂಥ ಕಷ್ಟಗಳು ದಾಟಿಹೋಗುವವೆಂಬ ಅನುಭವ ಉಂಟು. ಹದಿನೈದು ವರುಷದವನಿಗೆ ಅದು ಎಲ್ಲಿಂದ ಬರಬೇಕು? ಅವನಿಗೆ ಇದೇ ಮೊದಲನೆಯ ಕತ್ತಲೆ.

ಈ ವಿಷಯವನ್ನು ದೇವಾಲಯದಲ್ಲಿ ಯಾಕೆ ಎತ್ತಬೇಕು, ಎತ್ತಿದರೆ ಮಕ್ಕಳ ತಲೆಯಲ್ಲಿ ಇಲ್ಲದ ಯೋಚನೆಯನ್ನು ನಾವೇ ಬಿತ್ತಿದ ಹಾಗಾಗುವದಲ್ಲವೇ ಎಂದು ಕೆಲವರು ಹೇಳುವರು. ಇದು ಒಳ್ಳೇ ಮನಸ್ಸಿನಿಂದ ಬಂದ ಭಯ, ಆದರೆ ತಪ್ಪು. ನೊಂದವನನ್ನು ನೇರವಾಗಿ, ಮೃದುವಾಗಿ ಕೇಳುವದರಿಂದ ಆ ಯೋಚನೆ ಹುಟ್ಟುವದಿಲ್ಲವೆಂದು ವೈದ್ಯರು ಅನೇಕ ಕಡೆಗಳಲ್ಲಿ ಪರೀಕ್ಷಿಸಿ ತಿಳಿದಿದ್ದಾರೆ. ಒಳಗೆ ಇದ್ದದ್ದು ಹೊರಗೆ ಬರುತ್ತದೆ. ಬಂದ ಮೇಲೆ ಭಾರವು ಅಷ್ಟರ ಮಟ್ಟಿಗೆ ಇಳಿಯುತ್ತದೆ. ಆದರೆ ಸತ್ತವನ ಸಂಗತಿಯನ್ನು ಕಥೆಯಂತೆ ವರ್ಣಿಸಿ ಹೇಳುವದು ಬೇರೆ; ಅದು ಕೇಡನ್ನೇ ಮಾಡುತ್ತದೆ. ನಮ್ಮ ಸಂತೆಯಲ್ಲಿಯೂ ಬಾವಿಕಟ್ಟೆಯಲ್ಲಿಯೂ ಇದಕ್ಕೆ ವಿರೋಧವಾದದ್ದೇ ನಡೆಯುತ್ತದೆ. ಸತ್ತವನ ಕುರಿತು ಗಂಟೆಗಟ್ಟಲೆ ಮಾತು, ಬದುಕಿ ನೋಯುತ್ತಿರುವವನ ಸಂಗಡ ಒಂದು ಮಾತೂ ಇಲ್ಲ.

ಇನ್ನು ಕೆಲವರು ಸೌಲ, ಅಹೀತೋಫೆಲ, ಇಸ್ಕರಿಯೋತ ಯೂದ ಎಂಬವರನ್ನು ತೋರಿಸಿ, ಸಾಯಬೇಕೆನ್ನುವವನು ನಂಬಿಕೆಯಿಲ್ಲದವನು ಎಂದು ಒಂದೇ ಮಾತಿನಲ್ಲಿ ತೀರಿಸಿಬಿಡುತ್ತಾರೆ. ಅಂಥವರು ಬೈಬಲಿನ ಅರ್ಧವನ್ನು ಮಾತ್ರ ಓದಿದವರು. ಮರಣವನ್ನು ಬೇಡಿಕೊಂಡವರ ಇನ್ನೊಂದು ಸಾಲು ಅದರಲ್ಲಿಯೇ ಉಂಟು. ಜನರ ಭಾರವನ್ನು ತಾಳಲಾರದೆ ತನ್ನನ್ನು ಕೊಂದುಬಿಡೆಂದು ದೇವರಿಗೆ ಮೊರೆಯಿಟ್ಟವನು ಮೋಶೆ. ತಾನು ಹುಟ್ಟಿದ ದಿನವನ್ನು ಶಪಿಸಿದವರು ಯೋಬನೂ ಯೆರೆಮೀಯನೂ. ಬಿಸಿಲಲ್ಲಿ ಕುಳಿತು ಸಾವೇ ಮೇಲೆಂದವನು ಯೋನನು. ಇವರಲ್ಲಿ ಯಾರನ್ನೂ ದೇವರು ತಳ್ಳಿಬಿಡಲಿಲ್ಲ. ಮೋಶೆಗೆ ಉತ್ತರವಾಗಿ ಬಂದದ್ದು ಗದರಿಕೆಯಲ್ಲ. ಭಾರ ಹೊರುವದಕ್ಕೆ ಎಪ್ಪತ್ತು ಮಂದಿ ಹಿರಿಯರು.

ಎಲೀಯನ ಸಂಗತಿಯನ್ನು ನೋಡಿರಿ. ಇದು ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯದಲ್ಲಿದೆ. ನಿನ್ನೆ ಮೊನ್ನೆ ಕರ್ಮೆಲ್ ಬೆಟ್ಟದ ಮೇಲೆ ದೊಡ್ಡ ಜಯವನ್ನು ಹೊಂದಿದವನು, ಈಜೆಬೆಲಳ ಒಂದು ಬೆದರಿಕೆಗೆ ಓಡಿಹೋಗಿ, ಆಳನ್ನು ಬೇರ್ಷೆಬದಲ್ಲಿ ಬಿಟ್ಟು, ಒಬ್ಬನೇ ಅಡವಿಯನ್ನು ಸೇರಿ, ಜಾಲೀಗಿಡದ ಕೆಳಗೆ ಕುಳಿತು, ಇನ್ನು ಸಾಕೆಂದನು. ಆಳನ್ನು ಬಿಟ್ಟು ಹೋದನೆಂಬ ಮಾತನ್ನು ಗಮನಿಸಿರಿ. ಸಾಯಬೇಕೆಂಬ ಮನಸ್ಸಿನವನು ಮೊದಲು ಜೊತೆಗಾರರನ್ನು ಬಿಡುತ್ತಾನೆ. ಆಗ ದೂತನು ಬಂದು ಏನು ಮಾಡಿದನು? ಮುಟ್ಟಿ ಎಬ್ಬಿಸಿದನು, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಇಟ್ಟಿದ್ದನು. ತಿಂದು ಮತ್ತೆ ಮಲಗಿದರೆ ಬೈಯಲಿಲ್ಲ. ಎರಡನೆಯ ಸಾರಿಯೂ ಎಬ್ಬಿಸಿ ತಿನ್ನಿಸಿದನು. ದಾರಿಯು ಶಕ್ತಿಗೆ ಮೀರಿದ್ದೆಂದು ಒಪ್ಪಿಕೊಂಡನು. ಪ್ರಶ್ನೆ ಬಂದದ್ದು ಆಮೇಲೆ, ಹೋರೇಬಿನಲ್ಲಿ. ಅದೂ, ಇಲ್ಲಿ ನಿನಗೇನು ಕೆಲಸವೆಂಬ ಒಂದೇ ಪ್ರಶ್ನೆಯನ್ನು ಎರಡು ಸಾರಿ ಕೇಳಿ, ಎರಡು ಸಾರಿಯೂ ಅವನ ದೂರನ್ನು ಪೂರ್ತಿಯಾಗಿ ಹೇಳಗೊಟ್ಟನು. ನಾನೊಬ್ಬನೇ ಉಳಿದೆನೆಂದವನಿಗೆ ಏಳು ಸಾವಿರ ಮಂದಿ ಇದ್ದಾರೆಂಬ ಸತ್ಯವನ್ನು ತಿಳಿಸಿದನು. ಕಡೆಗೆ ಎಲೀಷನನ್ನು ಜೊತೆಗಾರನನ್ನಾಗಿ ಕೊಟ್ಟನು. ನಿದ್ದೆ, ಊಟ, ಮುಟ್ಟುವ ಕೈ, ಕೇಳುವ ಕಿವಿ, ಸತ್ಯವಾದ ಲೆಕ್ಕ, ಒಬ್ಬ ಸಂಗಾತಿ: ಇವುಗಳನ್ನೇ ಇಂದಿನ ವೈದ್ಯರೂ ಹೇಳುತ್ತಾರೆ.

ಕೇಳುವ ಕಿವಿಯಿಲ್ಲದೆ ಒಂದು ಮಗು ಹೋದ ಸಂಗತಿಯೊಂದು ಇಂಗ್ಲೆಂಡಿನ ಸಭೆಯಲ್ಲಿ ನಡೆಯಿತು. 1935ರಲ್ಲಿ ಲಿಂಕನ್ ಪಟ್ಟಣದಲ್ಲಿ ಚಾಡ್ ವಾರಾ ಎಂಬ ತರುಣ ಬೋಧಕರು ಎಳೆಯ ಹುಡುಗಿಯೊಬ್ಬಳ ಮಣ್ಣಿನ ಕೆಲಸವನ್ನು ನಡಿಸಬೇಕಾಯಿತು. ಆಕೆಗೆ ಮೊದಲ ಸಾರಿ ಮುಟ್ಟು ಬಂದಿತ್ತು. ಅದೇನೆಂದು ಹೇಳಿಕೊಟ್ಟವರು ಯಾರೂ ಇರಲಿಲ್ಲ. ಯಾವದೋ ನಾಚಿಕೆಯ ರೋಗವು ತನಗೆ ತಗಲಿದೆಯೆಂದು ತಿಳಿದು, ಯಾರನ್ನೂ ಕೇಳಲಾರದೆ, ಪ್ರಾಣವನ್ನು ಕಳೆದುಕೊಂಡಳು. ತಾಯಿಯ ಒಂದು ಮಾತು, ಉಪಾಧ್ಯಾಯಿನಿಯ ಒಂದು ಪಾಠ ಸಾಕಾಗಿತ್ತು. ಆ ಬೋಧಕರು ಅದನ್ನು ಮರೆಯಲಿಲ್ಲ. 1953ರ ನವೆಂಬರ್ ತಿಂಗಳಲ್ಲಿ ಲಂಡನಿನ ಸಂತ ಸ್ತೆಫನನ ದೇವಾಲಯದಲ್ಲಿ ಒಂದು ಟೆಲಿಫೋನನ್ನು ಇಟ್ಟು, ಸಾಯಬೇಕೆನ್ನುವವರು ಯಾರಾದರೂ ತನ್ನೊಡನೆ ಮಾತಾಡಬಹುದೆಂದು ಪ್ರಕಟಿಸಿದರು. ಬಂದವರು ಬಹಳವಾದ್ದರಿಂದ ಸಭೆಯ ಸಾಮಾನ್ಯ ಸ್ತ್ರೀಪುರುಷರು ಕೆಲವರು ಹೊರಗೆ ಕುಳಿತವರಿಗೆ ಚಹ ಕೊಟ್ಟು ಮಾತಾಡಿಸುತ್ತಿದ್ದರು. ಕೆಲವು ದಿನಗಳ ಮೇಲೆ ಬೋಧಕರು ಒಂದು ಆಶ್ಚರ್ಯವನ್ನು ಕಂಡರು. ಬಂದವರಲ್ಲಿ ಅನೇಕರು ಹೊರಗೆ ಮಾತಾಡಿದ ಮೇಲೆ ಬೋಧಕರನ್ನು ಕಾಣದೆಯೇ ಹಗುರಾಗಿ ಮನೆಗೆ ಹೋಗುತ್ತಿದ್ದರು! ಹಾಗೆ ಹುಟ್ಟಿದ ಕೂಟಕ್ಕೆ ವರ್ತಮಾನಪತ್ರಿಕೆಯೊಂದು ಒಳ್ಳೇ ಸಮಾರ್ಯದವನ ನೆನಪಿನಿಂದ ಸಮಾರಿಟನ್ಸ್ ಎಂಬ ಹೆಸರನ್ನಿಟ್ಟಿತು; ಅದು ಇಂದಿಗೂ ಕೆಲಸ ಮಾಡುತ್ತದೆ.

ಆದರೆ ಹುಡುಗರು ಟೆಲಿಫೋನಿನ ಬಳಿಗೆ ಬರುವ ತನಕ ಯಾಕೆ ಕಾಯಬೇಕು? ಅವರು ದಿನಾಲೂ ಕೂಡಿಬರುವ ಸ್ಥಳ ಒಂದುಂಟು, ಅದು ಪಾಠಶಾಲೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಮೊದಲುಗೊಂಡು ನಮ್ಮ ನಾಡಿಗೆ ಸುವಾರ್ತೆಯನ್ನು ತಂದವರು ಪ್ರಾರ್ಥನಾ ಮಂದಿರದ ಜೊತೆಗೆ ಶಾಲೆಯನ್ನೂ ಕಟ್ಟಿದರು. ಆದದರಿಂದ ಶಾಲೆಯಲ್ಲಿ ನಡೆಯುವದು ನಮಗೆ ಸಂಬಂಧಪಟ್ಟದ್ದಲ್ಲವೆಂದು ನಾವು ಹೇಳಕೂಡದು.

ಶಾಲೆಯಲ್ಲಿ ಏನು ಮಾಡಿದರೆ ಫಲವುಂಟಾಗುತ್ತದೆಂದು ಯೂರೋಪಿನಲ್ಲಿ ಸೂಕ್ಷ್ಮವಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ. ಸ್ವೀಡನ್ ದೇಶದ ಕರೋಲಿನ್ಸ್ಕಾ ಸಂಸ್ಥೆಯ ದಾನೂಟಾ ವಾಸರ್ಮನ್ ಎಂಬ ವೈದ್ಯೆಯ ಮುಂದಾಳಿಕೆಯಲ್ಲಿ 10 ದೇಶಗಳ 168 ಶಾಲೆಗಳನ್ನು ಆರಿಸಿಕೊಂಡು, ಸುಮಾರು ಹದಿನೈದು ವರುಷ ಪ್ರಾಯದ 11,110 ಮಕ್ಕಳನ್ನು 2009ರ ಕಡೆಯಿಂದ ಸೇರಿಸಿಕೊಂಡರು. ಶಾಲೆಗಳನ್ನು ಚೀಟಿ ಹಾಕಿದಂತೆ ನಾಲ್ಕು ಪಾಲು ಮಾಡಿದರು. ಒಂದು ಪಾಲಿನಲ್ಲಿ ಉಪಾಧ್ಯಾಯರಿಗೆ ತರಬೇತು ಕೊಟ್ಟು, ಕುಗ್ಗಿದ ಮಗುವನ್ನು ಗುರುತಿಸಿ ವೈದ್ಯರ ಬಳಿಗೆ ಕಳುಹಿಸಬೇಕೆಂದರು. ಇನ್ನೊಂದರಲ್ಲಿ ಪ್ರಶ್ನೆಗಳ ಕಾಗದವನ್ನು ಮಕ್ಕಳ ಕೈಗೆ ಕೊಟ್ಟು, ಉತ್ತರಗಳನ್ನು ನೋಡಿ ಅಪಾಯದಲ್ಲಿರುವವರನ್ನು ವೈದ್ಯರೇ ಕರಿಸಿದರು. ಮೂರನೆಯದರಲ್ಲಿ ಮಕ್ಕಳೊಂದಿಗೇ ಕೆಲಸ ಮಾಡಿದರು. ನಾಲ್ಕನೆಯದರಲ್ಲಿ ಗೋಡೆಗೆ ಚಿತ್ರಪಟಗಳನ್ನು ತೂಗಹಾಕಿದ್ದಷ್ಟೇ.

ಆ ಮೂರನೆಯ ಪಾಲಿನ ಕೆಲಸವನ್ನು ನಮ್ಮ ಉಪಾಧ್ಯಾಯರು ಲಕ್ಷ್ಯವಿಟ್ಟು ಓದಬೇಕು. ಅದು ನಾಲ್ಕು ವಾರಗಳಲ್ಲಿ ಹಂಚಿದ ಒಟ್ಟು ಐದು ತಾಸುಗಳ ಕೆಲಸ, ಹೆಚ್ಚಿಲ್ಲ. ಆರಂಭದಲ್ಲಿ ಒಂದು ತಾಸು, ಅಂತ್ಯದಲ್ಲಿ ಒಂದು ತಾಸು ಸಂಭಾಷಣೆಯ ರೂಪವಾದ ಪಾಠ. ನಡುವಿನ ಮೂರು ತಾಸುಗಳಲ್ಲಿ ಮಕ್ಕಳೇ ವೇಷವಿಲ್ಲದ ಆಟವನ್ನು ಆಡುವರು. ಒಬ್ಬನು ತಂದೆಯಾಗುವನು, ಒಬ್ಬನು ಪರೀಕ್ಷೆಯಲ್ಲಿ ತಪ್ಪಿದ ಮಗನಾಗುವನು; ಒಬ್ಬಳು ಗೆಳತಿಯರಿಂದ ದೂರವಾದವಳಾಗುವಳು, ಇನ್ನೊಬ್ಬಳು ಆಕೆಯನ್ನು ಮಾತಾಡಿಸುವವಳಾಗುವಳು. ಈ ಸಂಕಟದಲ್ಲಿ ಬೇರೆ ಏನು ಮಾಡಬಹುದಾಗಿತ್ತು, ಯಾರ ಬಳಿಗೆ ಹೋಗಬಹುದಾಗಿತ್ತು ಎಂದು ತಮ್ಮತಮ್ಮೊಳಗೆ ಚರ್ಚಿಸುವರು. ಮನೆಗೆ ಒಯ್ಯುವದಕ್ಕೆ 32 ಪುಟಗಳ ಚಿಕ್ಕ ಪುಸ್ತಕವೊಂದನ್ನು ಕೊಡುವರು. ಗೋಡೆಯ ಮೇಲೆ ಆರು ಪಟಗಳು.

ಮೂರು ತಿಂಗಳಾದ ಮೇಲೆ ನೋಡಿದರೆ ನಾಲ್ಕು ಪಾಲುಗಳಲ್ಲಿ ಏನೂ ಭೇದ ಕಾಣಿಸಲಿಲ್ಲ. ನಮ್ಮಂಥವರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದೆವು! ಅವರು ವರುಷ ತುಂಬುವ ತನಕ ಕಾದರು. ಆಗ ಪಟಗಳು ಮಾತ್ರ ಇದ್ದ ಶಾಲೆಗಳಲ್ಲಿ ಪ್ರಾಣ ಕಳೆದುಕೊಳ್ಳುವದಕ್ಕೆ ಹೊಸದಾಗಿ ಪ್ರಯತ್ನಿಸಿದವರು 34 ಮಂದಿ, ಎಂದರೆ ನೂರಕ್ಕೆ ಒಂದೂವರೆ. ಮಕ್ಕಳೊಂದಿಗೇ ಕೆಲಸ ಮಾಡಿದ ಶಾಲೆಗಳಲ್ಲಿ 14 ಮಂದಿ. ನೂರಕ್ಕೆ ಒಂದು ಸಹ ಇಲ್ಲ, ಮುಕ್ಕಾಲಿಗೂ ಕಡಿಮೆ. ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಉಪಾಧ್ಯಾಯರಿಗೆ ಮಾತ್ರ ತರಬೇತು ಕೊಟ್ಟ ಪಾಲಿನಲ್ಲಿಯೂ, ಪ್ರಶ್ನೆಗಳ ಕಾಗದವನ್ನು ಹಂಚಿದ ಪಾಲಿನಲ್ಲಿಯೂ ಹೇಳತಕ್ಕ ಭೇದವಾಗಲಿಲ್ಲ. ಆ ಪರೀಕ್ಷೆಯ ಕಾಲದಲ್ಲಿ ಇಷ್ಟು ಸಾವಿರ ಮಕ್ಕಳಲ್ಲಿ ಒಬ್ಬರೂ ಹಾಗೆ ಪ್ರಾಣ ಕಳೆದುಕೊಳ್ಳಲಿಲ್ಲವೆಂಬದಕ್ಕಾಗಿ ದೇವರಿಗೆ ಸ್ತೋತ್ರ. ಈ ವರದಿಯು 2015ರಲ್ಲಿ ಪ್ರಕಟವಾಯಿತು.

ಇದರ ಅರ್ಥವೇನು? ನನಗೆ ತೋರುವದೇನಂದರೆ, ಹರೆಯದವರು ತಮ್ಮ ದುಃಖವನ್ನು ಮೊದಲು ಹೇಳುವದು ಹರೆಯದವರಿಗೇ. ದೊಡ್ಡವರ ಕಿವಿಗೆ ಅದು ಬರುವದು ತೀರಾ ಕಡೆಗೆ, ಬಂದರೆ. ಆದದರಿಂದ ಆ ಜೊತೆಗಾರನಿಗೆ ಏನು ಮಾಡಬೇಕೆಂದು ಗೊತ್ತಿದ್ದರೆ ಅರ್ಧ ಕೆಲಸವಾಯಿತು. ಉಪಾಧ್ಯಾಯರು ಬೇಡವೆಂದು ಇದರಿಂದ ಯಾರೂ ತಿಳಿಯಬಾರದು. ಮಗುವು ಬಂದು ಬಾಗಿಲು ತಟ್ಟಿದಾಗ ಒಳಗೆ ಒಬ್ಬ ದೊಡ್ಡವನು ಇರಲೇಬೇಕಷ್ಟೆ.

ಯೂರೋಪಿನ ಮಾತು ನಮಗೇತಕ್ಕೆ ಎನ್ನುವವರಿಗೆ ಬಿಹಾರದ ನಾಲಂದಾ ಜಿಲ್ಲೆಯ ಮಾತನ್ನು ಹೇಳುತ್ತೇನೆ. ಅಲ್ಲಿ 74 ಸರಕಾರಿ ಪ್ರೌಢಶಾಲೆಗಳ ಒಂಬತ್ತನೆಯ ತರಗತಿಯ ಮಕ್ಕಳ ಮಧ್ಯದಲ್ಲಿ ಸಂಗಾತ್ ಎಂಬ ಸಂಸ್ಥೆಯವರು 2015–16ರಲ್ಲಿ ಒಂದು ಪ್ರಯೋಗವನ್ನು ನಡಿಸಿದರು. ಕೆಲವು ಶಾಲೆಗಳಲ್ಲಿ ವೈದ್ಯರಲ್ಲದ ಸಾಧಾರಣ ಜನರಿಗೆ ತರಬೇತು ಕೊಟ್ಟು ಮಕ್ಕಳ ಮಿತ್ರರನ್ನಾಗಿ ನೇಮಿಸಿದರು. ಬೇರೆ ಕೆಲವು ಶಾಲೆಗಳಲ್ಲಿ ಅದೇ ಕೆಲಸವನ್ನು ಉಪಾಧ್ಯಾಯರಿಗೆ ಒಪ್ಪಿಸಿದರು. ಹೆಸರು ಬರೆಯದೆ ದೂರು ಹಾಕುವ ಪೆಟ್ಟಿಗೆ, ಮಕ್ಕಳೇ ಬರೆದು ಅಂಟಿಸುವ ಗೋಡೆಪತ್ರಿಕೆ, ಮಕ್ಕಳ ಕೂಟ, ಬೇಕಾದವರಿಗೆ ಒಬ್ಬೊಬ್ಬರಾಗಿ ಮಾತಾಡುವ ಸಮಯ: ಇವೇ ಅದರ ಉಪಕರಣಗಳು. ಮಿತ್ರರಿದ್ದ ಶಾಲೆಗಳಲ್ಲಿ ಮಕ್ಕಳ ಮನಸ್ಸಿನ ಕುಗ್ಗುವಿಕೆಯೂ ಒಬ್ಬರನ್ನೊಬ್ಬರು ಪೀಡಿಸುವದೂ ಹೊಡೆದಾಟವೂ ಕಡಿಮೆಯಾದವು. ಉಪಾಧ್ಯಾಯರಿಗೆ ಒಪ್ಪಿಸಿದ ಶಾಲೆಗಳಲ್ಲಿ ಫಲ ಕಾಣಿಸಲಿಲ್ಲ. ಪಾಠ, ಪರೀಕ್ಷೆ, ಬಿಸಿಯೂಟ, ಜನಗಣತಿ, ಚುನಾವಣೆ ಇಷ್ಟೆಲ್ಲಾ ಹೊತ್ತವನ ತಲೆಯ ಮೇಲೆ ಇನ್ನೊಂದು ಮೂಟೆಯನ್ನು ಇಟ್ಟರೆ ಅವನು ತಾನೇ ಏನು ಮಾಡಿಯಾನು? ಹಾಗೂ ಬೆತ್ತವನ್ನು ಹಿಡಿದ ಕೈಗೆ ಗುಟ್ಟನ್ನು ಒಪ್ಪಿಸುವದಕ್ಕೆ ಮಗುವಿಗೆ ಧೈರ್ಯ ಬಾರದು.

ಈಗ ರಾಜ್ಯಾಧಿಕಾರಿಗಳೂ ಈ ಕಡೆಗೆ ಮನಸ್ಸು ತಿರುಗಿಸಿದ್ದಾರೆ. 2025ರ ಜುಲೈ ತಿಂಗಳಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಗಳು ತಕ್ಕ ತರಬೇತುಳ್ಳ ಒಬ್ಬ ಸಲಹೆಗಾರನನ್ನಾದರೂ ನೇಮಿಸಬೇಕೆಂದೂ, ಚಿಕ್ಕ ಶಾಲೆಗಳು ಹೊರಗಿನ ಇಂಥವರೊಂದಿಗೆ ಸಂಬಂಧವನ್ನಿಟ್ಟುಕೊಳ್ಳಬೇಕೆಂದೂ, ಸಿಬ್ಬಂದಿಯವರಿಗೆಲ್ಲಾ ವರುಷಕ್ಕೆ ಎರಡಾವರ್ತಿ ತರಬೇತು ಆಗಬೇಕೆಂದೂ, ಅಂಕಗಳ ನಿಮಿತ್ತ ಮಕ್ಕಳನ್ನು ಎಲ್ಲರ ಮುಂದೆ ಅವಮಾನ ಮಾಡಬಾರದೆಂದೂ ಅಪ್ಪಣೆ ಕೊಟ್ಟಿತು. ಈ ಕಡೆಯ ಮಾತನ್ನು ನಮ್ಮ ಮಿಶನ್ ಶಾಲೆಗಳ ಆಡಳಿತದವರೂ ಬೋರ್ಡಿಂಗಿನ ಮೇಲ್ವಿಚಾರಕರೂ ಎರಡು ಸಾರಿ ಓದಲಿ. ಕಡಿಮೆ ಅಂಕದವರನ್ನು ನಿಲ್ಲಿಸಿ ಹೆಸರು ಕೂಗುವ ಪದ್ಧತಿ ನಮ್ಮಲ್ಲಿ ಸತ್ತಿಲ್ಲ. ಅದರಿಂದ ಅಂಕಗಳು ಹೆಚ್ಚಿದ್ದನ್ನು ನಾನು ಕಾಣೆನು.

ಪರೀಕ್ಷೆಯ ಕ್ರಮವನ್ನು ಸ್ವಲ್ಪ ಬದಲಾಯಿಸುವದರಿಂದಲೂ ಒಂದು ಬಾಗಿಲು ತೆರೆಯುತ್ತದೆ. ಚೆನ್ನೈಯಲ್ಲಿ 1986ರಲ್ಲಿ ಲಕ್ಷ್ಮೀ ವಿಜಯಕುಮಾರ್ ಎಂಬ ವೈದ್ಯೆಯು ಸ್ನೇಹಾ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ತಪ್ಪಿದ ವಿದ್ಯಾರ್ಥಿಯು ಇಡೀ ವರುಷವನ್ನು ಕಳಕೊಳ್ಳದೆ ಬೇಗನೆ ಮತ್ತೆ ಬರೆಯುವ ಹಾಗಿರಬೇಕೆಂದು ಆ ಸಂಸ್ಥೆಯವರು ಸರಕಾರವನ್ನು ಬಿಡದೆ ಕೇಳಿಕೊಂಡು, ತಮಿಳು ಸೀಮೆಯಲ್ಲಿ ಅದನ್ನು ಜಾರಿಗೆ ತರಿಸಿದರು. ನಮ್ಮ ಕರ್ನಾಟಕದಲ್ಲಿ 2024ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಒಂದೇ ವರುಷದಲ್ಲಿ ಮೂರು ಸಾರಿ ಬರೆಯುವ ಏರ್ಪಾಡು ಆರಂಭವಾಯಿತು. ಮೊದಲನೆಯದರಲ್ಲಿ ತಪ್ಪಿದವನು ಮುಂದಿನ ವರುಷದ ವರೆಗೆ ಕಾಯಬೇಕಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಇದನ್ನು ಸರಿಯಾಗಿ ತಿಳಿದ ತಂದೆತಾಯಿಗಳು ಎಷ್ಟು ಮಂದಿ? ಬಾಗಿಲು ತೆರೆದಿದ್ದಾಗ್ಯೂ ಕತ್ತಲೆಯಲ್ಲಿರುವವನಿಗೆ ಅದು ಕಾಣದು. ಯಾರಾದರೂ ಕೂಗಿ ಹೇಳಬೇಕು.

ಇನ್ನು ಮನೆಯ ಮಾತು. ಊಟ ಬಿಟ್ಟವನು, ರಾತ್ರಿಯೆಲ್ಲಾ ನಿದ್ದೆ ಮಾಡದವಳು, ಗೆಳೆಯರನ್ನು ಬಿಟ್ಟು ಮೂಲೆ ಸೇರಿದವನು, ತನ್ನ ಪ್ರೀತಿಯ ವಸ್ತುಗಳನ್ನು ಹಂಚಿಬಿಡುವವಳು, ನಾನಿಲ್ಲದಿದ್ದರೆ ನಿಮಗೆಲ್ಲಾ ಸುಖವೆಂದು ನಗುತ್ತಾ ಹೇಳುವವನು, ಇಂಥವರನ್ನು ಕಂಡರೆ ನಾಟಕವಾಡುತ್ತಾರೆಂದು ತಳ್ಳಿಬಿಡಬೇಡಿರಿ. ಒಂದು ಸಾರಿ ಪ್ರಯತ್ನಿಸಿ ಉಳಿದವರಿಗೆ ಅಪಾಯವು ಎಲ್ಲರಿಗಿಂತ ಹೆಚ್ಚು. ಹತ್ತಿರ ಕುಳಿತು, ಸಾಯಬೇಕೆಂಬ ಯೋಚನೆ ಬಂದದೆಯೇ ಮಗನೇ, ಎಂದು ನೇರವಾಗಿ ಕೇಳಿರಿ. ಹೌದೆಂದರೆ ಬೈಯಬೇಡಿರಿ, ಅಳಬೇಡಿರಿ, ಆಣೆಯಿಡಿಸಿಕೊಳ್ಳಬೇಡಿರಿ, ಪೂರಾ ಕೇಳಿರಿ. ಆ ರಾತ್ರಿ ಅವನನ್ನು ಒಬ್ಬನನ್ನೇ ಬಿಡಬೇಡಿರಿ. ಹೊಲಕ್ಕೆ ಹೊಡೆಯುವ ಔಷಧವನ್ನು ಮನೆಯೊಳಗೆ ಇಡುವ ಪದ್ಧತಿಯನ್ನು ಇಂದೇ ನಿಲ್ಲಿಸಿರಿ. ಬೀಗವುಳ್ಳ ಪೆಟ್ಟಿಗೆಯಲ್ಲಿ ಹೊರಗಿಟ್ಟು ಬೀಗದ ಕೈಯನ್ನು ದೊಡ್ಡವರೊಬ್ಬರೇ ಇಟ್ಟುಕೊಳ್ಳಲಿ. ಬಹಳ ವಿಷವುಳ್ಳ ಇಂಥ ಔಷಧಗಳನ್ನು ಶ್ರೀಲಂಕಾ ದೇಶವು 1995ರಿಂದ ಒಂದೊಂದಾಗಿ ನಿಷೇಧಿಸಿದ ಮೇಲೆ ಅಲ್ಲಿ ಇಂಥ ಮರಣಗಳು ಅರ್ಧಕ್ಕಿಂತ ಕೆಳಗೆ ಇಳಿದವು. ಆ ಗಳಿಗೆಯು ದಾಟಿತೆಂದರೆ ಹೆಚ್ಚಿನವರು ಬದುಕುತ್ತಾರೆ. ಕತ್ತಿಯು ಕೈಗೆಟುಕದಿದ್ದರೆ ಗಳಿಗೆಯು ದಾಟುತ್ತದೆ.

ಪ್ರಾರ್ಥನೆ ಮಾಡಿರಿ, ಸಂಗಡಲೇ ವೈದ್ಯರ ಬಳಿಗೂ ಕರೆದುಕೊಂಡು ಹೋಗಿರಿ. ಚಳಿಜ್ವರಕ್ಕೆ ಔಷಧ ಕೊಡಿಸುವವನು ಮನಸ್ಸಿನ ವ್ಯಾಧಿಗೆ ಮಾತ್ರ ನಂಬಿಕೆಯ ಕೊರತೆಯೆಂದು ಹೇಳುವದು ನ್ಯಾಯವಲ್ಲ. ದೂರದ ಆಸ್ಪತ್ರೆಗೆ ಹೋಗಲಾರದವರು 14416 ಎಂಬ ಸಂಖ್ಯೆಗೆ ಟೆಲಿಫೋನು ಮಾಡಬಹುದು. 2022ರ ಅಕ್ಟೋಬರ್ ತಿಂಗಳಲ್ಲಿ ಕೇಂದ್ರ ಸರಕಾರದವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ ಆರಂಭಿಸಿದ ಈ ಸೇವೆಯು ಹಗಲೂ ರಾತ್ರಿಯೂ ಉಂಟು, ಹಣವಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಮಕ್ಕಳ ಸಹಾಯಕ್ಕೆ 1098 ಎಂಬ ಸಂಖ್ಯೆಯೂ ಇದೆ. ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗದೆ ಮುಚ್ಚಿಡುವವರು ಇದನ್ನು ತಿಳಿಯಲಿ: 2017ರ ಮಾನಸಿಕ ಆರೋಗ್ಯದ ಕಾನೂನಿನ ಪ್ರಕಾರ ಪ್ರಯತ್ನಿಸಿ ಉಳಿದವನನ್ನು ಕಠಿನವಾದ ಮನೋವ್ಯಥೆಯುಳ್ಳವನೆಂದು ಎಣಿಸಿ, ಶಿಕ್ಷಿಸದೆ ಆರೈಕೆ ಮಾಡತಕ್ಕದ್ದು.

ಯುವಕ ಯುವತಿಯರೇ, ನಿಮಗೂ ಒಂದು ಮಾತು. ಗೆಳೆಯನು ಸಾಯುತ್ತೇನೆಂದು ನಿಮ್ಮ ಕಿವಿಯಲ್ಲಿ ಹೇಳಿ, ಯಾರಿಗೂ ಹೇಳಬೇಡವೆಂದು ಮಾತು ತೆಗೆದುಕೊಂಡರೆ ಆ ಮಾತನ್ನು ಉಳಿಸಿಕೊಳ್ಳಬೇಡಿರಿ. ಅದು ದ್ರೋಹವಲ್ಲ. ಪೌಲನು ಪಿಸುಗುಟ್ಟಲಿಲ್ಲ, ಕೂಗಿದನು. ನಂಬಿಕೆಯುಳ್ಳ ದೊಡ್ಡವರೊಬ್ಬರಿಗೆ ಅಂದೇ ತಿಳಿಸಿರಿ. ಒಬ್ಬರು ಕೇಳದಿದ್ದರೆ ಇನ್ನೊಬ್ಬರಿಗೆ ತಿಳಿಸಿರಿ. ಈಗ ನಿಮಗೇ ಆ ಯೋಚನೆ ಇದ್ದರೆ, ಈ ಪತ್ರಿಕೆಯನ್ನು ಕೆಳಗಿಟ್ಟು, ಎದ್ದು ಹೋಗಿ ಮನೆಯವರಲ್ಲಿ ಒಬ್ಬರನ್ನು ಎಬ್ಬಿಸಿರಿ. ಅವರ ನಿದ್ದೆ ಕೆಟ್ಟರೆ ಕೆಡಲಿ.

ಒಂದು ಮನೆಯಲ್ಲಿ ಈ ದುಃಖವು ಆಗಿಹೋಗಿದ್ದರೆ, ಸಭೆಯವರು ಆ ಮನೆಗೆ ಹೋಗಲಿ. ಯಾಕೆ, ಹೇಗೆ ಎಂದು ಕೇಳದೆ ಕುಳಿತುಕೊಳ್ಳಲಿ. ಆ ತಾಯಿಯ ಕಿವಿಗೆ ಬೀಳುವಂತೆ ತೀರ್ಪು ಹೇಳುವ ಅಧಿಕಾರವನ್ನು ಕರ್ತನು ನಮ್ಮಲ್ಲಿ ಯಾರಿಗೂ ಕೊಡಲಿಲ್ಲ. ಉಳಿದ ಅಣ್ಣತಂಗಿಯರನ್ನು ಬಹುದಿನಗಳ ವರೆಗೆ ವಿಚಾರಿಸಿಕೊಳ್ಳಲಿ, ಅವರಿಗೂ ಅಪಾಯವುಂಟು.

ಬರುವ ಪರೀಕ್ಷಾಫಲದ ವಾರಕ್ಕಾಗಿ ಪ್ರತಿ ಸಭೆಯ ಹಿರಿಯರೂ ಉಪದೇಶಿಗಳೂ ಈಗಲೇ ಕೂಡಿಬಂದು, ತಮ್ಮಲ್ಲಿ ಆ ಪರೀಕ್ಷೆ ಬರೆದ ಮಕ್ಕಳೆಲ್ಲರ ಹೆಸರುಗಳನ್ನು ಬರೆದಿಟ್ಟುಕೊಳ್ಳಲಿ. ಅನ್ಯಮತದ ನೆರೆಯವರ ಮಕ್ಕಳನ್ನೂ ಸೇರಿಸಲಿ. ಫಲ ಬಂದ ದಿನ ತೇರ್ಗಡೆಯಾದವರ ಮನೆಗೆ ಸಿಹಿ ತಿನ್ನುವದಕ್ಕೆ ಹೋಗುವ ಮೊದಲು ತಪ್ಪಿದವರ ಮನೆಗೆ ಹೋಗಿರಿ. ಹೋಗುವಾಗ ಎರಡನೆಯ ಪರೀಕ್ಷೆಗೆ ಅರ್ಜಿ ಹಾಕುವ ಕಡೆಯ ತಾರೀಕನ್ನು ಶಾಲೆಯಲ್ಲಿ ಕೇಳಿ ತಿಳಿದು, ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಶುಲ್ಕಕ್ಕೆ ಹಣವಿಲ್ಲದವರಿಗೆ ಸಭೆಯ ಬಡವರ ನಿಧಿಯಿಂದ ಕೊಡಬಹುದು.